ಗಾಳವೇ ಕಾವಲಿದ್ದ ಹೊಳೆ

ಭೀಮೇಶ್ವರಿ ಎಂದರೆ ಈಗಿನವರಿಗೆ ಜಿಪ್‌ಲೈನು, ಕಯಾಕು, ವಾರಾಂತ್ಯದ ಸೆಲ್ಫಿ. ಮಳವಳ್ಳಿ ತಾಲ್ಲೂಕಿನ ಈ ಕಾವೇರಿ ದಂಡೆಗೆ ಒಂದು ಕಾಲಕ್ಕೆ ಇಂಗ್ಲೆಂಡಿನಿಂದ ಜನ ಬರುತ್ತಿದ್ದುದು ಒಂದು ಮೀನಿಗಾಗಿ. ಡುಬ್ಬದ ಬೆನ್ನು, ಕಿತ್ತಳೆ ಬಣ್ಣದ ರೆಕ್ಕೆಯ ಆ ಮಹಶೀರ್, ದಂಡೆಯವರ ಬಾಯಲ್ಲಿ ಬಿಳಿಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡು, ಅಂದರೆ 54 ಕಿಲೋ ತೂಗಿತ್ತು.

ಈ ಮೀನಿನ ದೊಡ್ಡ ಶತ್ರು ಸಿಡಿಮದ್ದು. ಮಡುವಿಗೆ ಎಸೆದರೆ ಹಿರಿದು, ಮರಿ ಎಲ್ಲವೂ ಒಟ್ಟಿಗೇ ಸತ್ತು ತೇಲುತ್ತವೆ. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹೊಳೆಯ ಒಂದಷ್ಟು ಪಾಲನ್ನು ಗುತ್ತಿಗೆಗೆ ಪಡೆಯಿತು. ಸರ್ಕಾರದ ಜಂಗಲ್ ಲಾಡ್ಜಸ್ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳದ ಬಿಡಾರ ಹೂಡಿತು. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಜೀವಂತ ನೀರಿಗೆ ಬಿಡಬೇಕಿತ್ತು. ಗಾಳಕ್ಕೆ ಸಿಕ್ಕಿಸುತ್ತಿದ್ದುದು ಬೇಯಿಸಿದ ರಾಗಿಹಿಟ್ಟಿನ ಉಂಡೆ. ಮಂಡ್ಯ ಸೀಮೆಯ ಮೀನಲ್ಲವೇ!

ಉಪಾಯದ ಜೀವಾಳ ಇದ್ದದ್ದು ಸಂಬಳದಲ್ಲಿ. ತೆಪ್ಪ ನಡೆಸಲು, ಮಡು ತೋರಿಸಲು, ರಾತ್ರಿ ಕಾವಲು ಕಾಯಲು ನೇಮಿಸಿಕೊಂಡವರಲ್ಲಿ ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೂ ಇದ್ದರು. ಯಾವ ಮಡುವಿಗೆ ಯಾರು ಯಾವ ಹೊತ್ತಲ್ಲಿ ಇಳಿಯುತ್ತಾರೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ದೂರದವರ ದುಡ್ಡಿಗೆ ಬದುಕಿರುವ ಮೀನು ಬೇಕಿತ್ತು, ಸತ್ತ ಮೀನಲ್ಲ.

ಆದರೂ ಒಂದು ಎಡವಟ್ಟಾಯಿತು. ಮೀನು ಹೆಚ್ಚಲೆಂದು ಲೋಣಾವಳದ ಟಾಟಾ ಕೇಂದ್ರದಲ್ಲಿ ಬೆಳೆಸಿದ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಅವು ನೀಲಿ ರೆಕ್ಕೆಯ ಬೇರೆ ಜಾತಿಯವು, ಕೃಷ್ಣೆಯ ಕಡೆಯವು. ಗಾಳಕ್ಕೆ ಬೀಳುವ ಮೀನು ಹೆಚ್ಚಿತು, ಬಂದವರಿಗೂ ಖುಷಿ. ಗಾಳಿಬೋರೆಯ 1998ರಿಂದ 2012ರವರೆಗಿನ ಪುಸ್ತಕಗಳನ್ನು ವಿಜ್ಞಾನಿಗಳು ಕೂತು ಲೆಕ್ಕಹಾಕಿದಾಗ ಗುಟ್ಟು ಹೊರಬಿತ್ತು. ಹೆಚ್ಚಿದ್ದು ನೀಲಿ ರೆಕ್ಕೆಯದು. ಡುಬ್ಬದ ಮೀನು ಅಪರೂಪವಾಗುತ್ತ, ಸಿಕ್ಕಿದ ಒಂದೊಂದೂ ಮೊದಲಿಗಿಂತ ದೊಡ್ಡದಾಗುತ್ತ ಹೋಗಿತ್ತು. ಮುದುಕರಷ್ಟೇ ಉಳಿದ ಮನೆಯಂತೆ, ಮರಿಗಳೇ ಇಲ್ಲ.

ಅಚ್ಚರಿಯೆಂದರೆ, ಇಷ್ಟು ಹೆಸರುವಾಸಿ ಮೀನಿಗೆ ವೈಜ್ಞಾನಿಕ ಹೆಸರು ಗಟ್ಟಿಯಾದದ್ದು 2018ರಲ್ಲಿ: ಟಾರ್ ರೆಮಾದೇವಿ. ಹೆಸರಿಲ್ಲದ್ದನ್ನು ಅಪಾಯದ ಪಟ್ಟಿಗೆ ಸೇರಿಸುವಂತಿರಲಿಲ್ಲ. ಅದೇ ವರ್ಷ ಅದು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಸಾಲಿಗೆ ಸೇರಿತು.

ಅಷ್ಟರಲ್ಲಿ ಗಾಳದ ಬಿಡಾರಗಳು ಮುಚ್ಚಿದ್ದವು. ಅಭಯಾರಣ್ಯದೊಳಗೆ ಹರಿಯುವ ಈ ಹೊಳೆಯಲ್ಲಿ ಗಾಳ ಹಾಕುವುದೂ ಬೇಟೆಯೇ ಎಂಬುದು ಕಾನೂನಿನ ವಾದ. ತಪ್ಪೆನ್ನಲಾರೆ, ಗಾಳ ಮೀನಿಗೆ ನೋವೇ. ಆದರೆ ಮೀನಿನ ಹೆಸರಲ್ಲಿ ಬರುತ್ತಿದ್ದ ದುಡ್ಡು, ವರ್ಷ ವರ್ಷದ ಲೆಕ್ಕ ಎರಡೂ ಒಟ್ಟಿಗೇ ನಿಂತವು. ಕಬಿನಿಯ ಆನೆ, ಹುಲಿಗೆ ಜೀಪಿನ ತುಂಬ ನೋಡುಗರಿದ್ದಾರೆ. ನೀರಡಿಯ ಮೀನು ತೆಪ್ಪದಲ್ಲಿ ಕೂತವರಿಗೆ ಕಾಣುವುದಿಲ್ಲ. ಭೀಮೇಶ್ವರಿಯ ಟಿಕೆಟ್ಟಿನಲ್ಲಿ ಒಂದು ಪಾಲನ್ನು ಮಡು ಕಾಯುವವರ ಸಂಬಳಕ್ಕೆಂದೇ ಎತ್ತಿಟ್ಟು, ಬಿಳಿಮೀನಿನ ಗಣತಿಯನ್ನು ದಂಡೆಯ ಊರಿನವರಿಂದಲೇ ಮಾಡಿಸಲು ಯಾವ ಕಾನೂನೂ ಅಡ್ಡ ಬರಲಾರದು.