ರಾಮಾನುಜನ್ ದಾರಿಯಲ್ಲಿ ಒಬ್ಬ ಗಣಿತದ ಮೇಷ್ಟ್ರು

ಗಣಿತವೆಂದರೆ ಹೆದರುವವರೂ ಮಾಡಬಹುದಾದ ಒಂದು ಸಣ್ಣ ಲೆಕ್ಕವಿದೆ. ಕಾಗದ, ಪೆನ್ಸಿಲು ಇದ್ದರೆ ಸಾಕು.

2 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 1 ಮತ್ತು 2. ಇವುಗಳ ಘನಗಳನ್ನು ಕೂಡಿದರೆ 1 + 8 = 9. ಇದನ್ನು 2ರ ‘ಘನಮೊತ್ತ’ ಎಂದು ಕರೆಯೋಣ. ಇದೇ ರೀತಿ 1ರ ಘನಮೊತ್ತ 1; 3ರ ಘನಮೊತ್ತ 1 + 27 = 28. ಘನದ ಬದಲು ಏಳನೆಯ ಘಾತವನ್ನು ತೆಗೆದುಕೊಂಡರೆ ಬರುವುದು ‘ಸಪ್ತಮೊತ್ತ’. 2ರ ಸಪ್ತಮೊತ್ತ 1 + 128 = 129; 3ರದು 1 + 2187 = 2188.

ಈಗ ಚಮತ್ಕಾರ ನೋಡಿ. 2 ಎಂದರೆ 1 + 1. ಆ ಎರಡು 1ಗಳ ಘನಮೊತ್ತಗಳನ್ನು ಗುಣಿಸಿದರೆ 1. ಅದನ್ನು 120ರಿಂದ ಗುಣಿಸಿ, 2ರ ಘನಮೊತ್ತವಾದ 9ನ್ನು ಸೇರಿಸಿ. ಬಂದದ್ದು 129, ಅಂದರೆ 2ರ ಸಪ್ತಮೊತ್ತ! 3ನ್ನು 1 + 2 ಎಂದೂ 2 + 1 ಎಂದೂ ಎರಡು ಬಗೆಯಲ್ಲಿ ಒಡೆಯಬಹುದು. ಒಂದೊಂದಕ್ಕೂ ಘನಮೊತ್ತಗಳ ಗುಣಲಬ್ಧ 9; ಎರಡೂ ಸೇರಿ 18. ಅದರ 120 ಪಟ್ಟು 2160. ಜೊತೆಗೆ 28 ಸೇರಿದರೆ 2188. ಮತ್ತೆ ಸರಿಹೋಯಿತು.

ಎಷ್ಟೇ ದೊಡ್ಡ ಸಂಖ್ಯೆಯನ್ನು ತೆಗೆದುಕೊಂಡರೂ ಈ ಲೆಕ್ಕ ತಪ್ಪುವುದಿಲ್ಲ. ಏಕೆ ತಪ್ಪುವುದಿಲ್ಲ? 120 ಎಲ್ಲಿಂದ ಬಂತು? ಹೀಗೆ ಕೇಳುವ ವಿದ್ಯಾರ್ಥಿ ಆಗಲೇ ಗಣಿತದ ಹೊಸ್ತಿಲು ದಾಟಿದ್ದಾನೆ. ಅವನನ್ನು ಕೈಹಿಡಿದು ಒಳಗೆ ಕರೆದೊಯ್ಯಲು ಒಬ್ಬ ಮೇಷ್ಟ್ರು ಬೇಕು. ಕನ್ನಡ ನಾಡಿನಲ್ಲಿ ಅಂಥವರೊಬ್ಬರು ಇದ್ದರು. ಅವರೇ ಪ್ರೊ. ಕೆ. ವೆಂಕಟಾಚಲಯ್ಯಂಗಾರ್ (1908–2003).

ಸೈನ್, ಕಾಟ್‌ಗಳಿಂದ ಹೊರಟ ದಾರಿ

ಮೇಲಿನಂಥ ಸಂಬಂಧಗಳಲ್ಲಿ ಕೆಲವು ಯೂರೋಪಿನ ಗಣಿತಜ್ಞರಿಗೆ ಮೊದಲೇ ಗೊತ್ತಿದ್ದವು. ಆದರೆ ಅವುಗಳ ಇಡೀ ಗೊಂಚಲನ್ನು ಒಂದೇ ಬೇರಿನಿಂದ ಚಿಗುರಿಸಿ ತೋರಿಸಿದವರು ಶ್ರೀನಿವಾಸ ರಾಮಾನುಜನ್. 1916ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಈ ಬೇರು ಇದೆ. ಆಶ್ಚರ್ಯವೆಂದರೆ ಅದರಲ್ಲಿರುವುದು ಪಿ.ಯು.ಸಿ. ವಿದ್ಯಾರ್ಥಿಗೂ ಪರಿಚಿತವಾದ ಸೈನ್, ಕಾಸ್, ಕಾಟ್‌ಗಳು. ಇವುಗಳಿಂದಾದ ಒಂದು ಅನಂತ ಶ್ರೇಣಿಯನ್ನು ರಾಮಾನುಜನ್ ಅದರಿಂದಲೇ ಗುಣಿಸಿ, ಬಂದ ಫಲವನ್ನು ಜಾಣ್ಮೆಯಿಂದ ಜೋಡಿಸಿದರು. ಅಷ್ಟೆ.

ಯೂರೋಪಿನಲ್ಲಿ ಇದೇ ಊರಿಗೆ ಬೇರೆ ದಾರಿಯಿತ್ತು. ಅದರ ಹೆಸರು ಎಲಿಪ್ಟಿಕ್ ಫಂಕ್ಷನ್‌ಗಳ ಸಿದ್ಧಾಂತ. ದೀರ್ಘವೃತ್ತದ ಸುತ್ತಳತೆ ಎಷ್ಟು, ದೊಡ್ಡದಾಗಿ ತೂಗುವ ಲೋಲಕ ಒಂದು ಸುತ್ತಿಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬಂಥ ಪ್ರಶ್ನೆಗಳಿಂದ ಹುಟ್ಟಿದ ಸಿದ್ಧಾಂತ ಅದು. ಸೈನ್ ತನ್ನ ಬೆಲೆಗಳನ್ನು 360 ಡಿಗ್ರಿಗೊಮ್ಮೆ, ಒಂದೇ ದಿಕ್ಕಿನಲ್ಲಿ ಪುನರಾವರ್ತಿಸುತ್ತದೆ. ಎಲಿಪ್ಟಿಕ್ ಫಂಕ್ಷನ್ ಎರಡು ದಿಕ್ಕುಗಳಲ್ಲಿ ಪುನರಾವರ್ತಿಸುತ್ತದೆ, ಅಂಗಳದಲ್ಲಿ ಅಡ್ಡಕ್ಕೂ ಉದ್ದಕ್ಕೂ ಇಟ್ಟ ರಂಗೋಲಿಯ ಚುಕ್ಕಿಗಳಂತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಬೆಲ್, ಯಾಕೋಬಿ, ವೈಯರ್‌ಸ್ಟ್ರಾಸ್ ಮೊದಲಾದವರು ಕಟ್ಟಿದ ಭವ್ಯ ಸೌಧವಿದು. ಒಳಗೆ ಹೋಗಬೇಕಾದರೆ ಮೆಟ್ಟಿಲುಗಳೂ ಬಹಳ.

ಬೆಂಗಳೂರು, ಮೈಸೂರುಗಳಲ್ಲಿ ಗಣಿತ ಬೋಧಿಸಿದ ವೆಂಕಟಾಚಲಯ್ಯಂಗಾರ್ ಕಂಡದ್ದು ಇಷ್ಟು: ರಾಮಾನುಜನ್ನರ ಆ ಸರಳ ಗುಣಾಕಾರವನ್ನೇ ಅಡಿಪಾಯವಾಗಿ ಇಟ್ಟುಕೊಂಡರೆ ಈ ಸೌಧವನ್ನು ಹೊಸದಾಗಿ ಕಟ್ಟಬಹುದು. ರಾಮಾನುಜನ್ ಹಾದಿಯನ್ನು ತೋರಿಸಿ ಮುಂದೆ ಹೋಗಿದ್ದರು. ಅದು ಎಲ್ಲಿಯವರೆಗೆ ಹೋಗುತ್ತದೆಂದು ಈ ಮೇಷ್ಟ್ರು ನಡೆದು ನೋಡಿದರು.

ನೋಟ್‌ಬುಕ್ಕಿನ ಗಂಟು

ರಾಮಾನುಜನ್ ತಮ್ಮ ನೋಟ್‌ಬುಕ್ಕುಗಳಲ್ಲಿ ಫಲಿತಾಂಶಗಳನ್ನು ಬರೆದರೇ ಹೊರತು ಸಾಧನೆಗಳನ್ನು ಬರೆದದ್ದು ತೀರ ಕಡಿಮೆ. ಎರಡನೆಯ ನೋಟ್‌ಬುಕ್ಕಿನ 16ನೇ ಅಧ್ಯಾಯದಲ್ಲಿ ಒಂದು ಸೂತ್ರವಿದೆ. ಎಡಕ್ಕೂ ಬಲಕ್ಕೂ ಅನಂತವಾಗಿ ಚಾಚಿಕೊಂಡ ಒಂದು ಮೊತ್ತವು ಅಚ್ಚುಕಟ್ಟಾದ ಒಂದು ಗುಣಲಬ್ಧಕ್ಕೆ ಸಮ ಎಂದು ಅದು ಹೇಳುತ್ತದೆ. ಕೇಂಬ್ರಿಜ್ಜಿನ ಹಾರ್ಡಿಯವರನ್ನೂ ಬೆರಗುಗೊಳಿಸಿದ ಸೂತ್ರ ಅದು. ಅದರ ಸಾಧನೆ ಅಚ್ಚಿನಲ್ಲಿ ಬಂದದ್ದು ರಾಮಾನುಜನ್ ತೀರಿಕೊಂಡು ಸುಮಾರು 30 ವರ್ಷಗಳಾದ ಮೇಲೆ, 1949 ಮತ್ತು 1950ರಲ್ಲಿ.

ವೆಂಕಟಾಚಲಯ್ಯಂಗಾರ್ ಇದಕ್ಕೆ ತಮ್ಮದೇ ಆದ ಸಾಧನೆಯೊಂದನ್ನು ಕೊಟ್ಟರು. ಅದು ಜಗತ್ತಿಗೆ ತಲುಪಿದ ಬಗೆಯೇ ಸ್ವಾರಸ್ಯಕರ. 1985ರಲ್ಲಿ ಅಮೆರಿಕದ ಗಣಿತ ಸಂಘವು 16ನೇ ಅಧ್ಯಾಯದ ಮೇಲೆ ಒಂದು ಗ್ರಂಥವನ್ನು ಹೊರತಂದಿತು. ಲೇಖಕರು ನಾಲ್ವರು. ಮೈಸೂರು ವಿಶ್ವವಿದ್ಯಾನಿಲಯದ ಚಂದ್ರಶೇಖರ ಅಡಿಗ ಮತ್ತು ಎಸ್. ಭಾರ್ಗವ, ಇಲಿನಾಯ್ ವಿಶ್ವವಿದ್ಯಾನಿಲಯದ ಬ್ರೂಸ್ ಬರ್ನ್ಟ್, ನಾಲ್ಕನೆಯವರು 1965ರಲ್ಲೇ ತೀರಿಕೊಂಡಿದ್ದ ಇಂಗ್ಲೆಂಡಿನ ಜಿ. ಎನ್. ವಾಟ್ಸನ್. ನೋಟ್‌ಬುಕ್ಕುಗಳ ಮೇಲೆ ಅವರು ಮಾಡಿಟ್ಟಿದ್ದ ಟಿಪ್ಪಣಿಗಳು ಬಳಕೆಗೆ ಬಂದದ್ದರಿಂದ ಅವರ ಹೆಸರೂ ಸೇರಿತು. ಈ ಗ್ರಂಥದೊಳಗೆ ವೆಂಕಟಾಚಲಯ್ಯಂಗಾರ್ ಅವರ ಸಾಧನೆಗೂ ಅವರ ಹೆಸರಿನಲ್ಲೇ ಜಾಗ ಸಿಕ್ಕಿತು. ಹೀಗೆ ಹಿರಿಯರ ಕೆಲಸವನ್ನು ಕಿರಿಯರು ದಡ ಸೇರಿಸಿದರು.

ದೂರದ ಕೈಗಳು

1988ರಲ್ಲಿ, ಎಂಬತ್ತರ ಆಸುಪಾಸಿನಲ್ಲಿದ್ದಾಗ, ಅವರ ಬಹುಕಾಲದ ಚಿಂತನೆ ಪುಸ್ತಕರೂಪ ಪಡೆಯಿತು. ರಾಮಾನುಜನ್ ಕ್ರಮದಲ್ಲಿ ಎಲಿಪ್ಟಿಕ್ ಫಂಕ್ಷನ್‌ಗಳ ಬೆಳವಣಿಗೆ ಎಂಬುದು ಅದರ ವಿಷಯ. ಅದು ಬಂದದ್ದು ಮದುರೆ ಕಾಮರಾಜ್ ವಿಶ್ವವಿದ್ಯಾನಿಲಯದ ತಾಂತ್ರಿಕ ವರದಿಯಾಗಿ. ಇಂಥ ವರದಿಗಳ ಹಣೆಬರಹ ಗೊತ್ತಿರುವುದೇ. ಪುಸ್ತಕದಂಗಡಿಯಲ್ಲಿ ಸಿಗುವುದಿಲ್ಲ, ಗ್ರಂಥಾಲಯದ ಬೀರು ಸೇರಿದರೆ ಮತ್ತೆ ಈಚೆ ಬರುವುದೂ ಅಪರೂಪ.

ಆದರೆ ಓದಬೇಕಾದವರು ಓದಿದ್ದರು. ನ್ಯೂಜಿಲೆಂಡಿನ ಮ್ಯಾಸ್ಸಿ ವಿಶ್ವವಿದ್ಯಾನಿಲಯದ ಶಾನ್ ಕೂಪರ್ ಅದನ್ನು ಪರಿಷ್ಕರಿಸಿ ಸಂಪಾದಿಸಿದರು. 2012ರಲ್ಲಿ ಅದು ಜಗತ್ತಿನ ಎಲ್ಲೆಡೆ ದೊರೆಯುವ ಪುಸ್ತಕವಾಗಿ ಹೊರಬಂದಿತು. ಅಷ್ಟರಲ್ಲಿ ಮೇಷ್ಟ್ರು ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು.

ಪದವಿ ತರಗತಿಯ ಮಕ್ಕಳಿಗೆ

ಇದರಿಂದ ನಮ್ಮ ಬಿ.ಎಸ್‌ಸಿ. ಮಕ್ಕಳಿಗೇನು ಎಂದು ಕೇಳಬಹುದು. ರಾಮಾನುಜನ್ ಜೀವನವೇ ಇದಕ್ಕೆ ಉತ್ತರ. ಕುಂಭಕೋಣದಲ್ಲಿಯೂ ಮದರಾಸಿನಲ್ಲಿಯೂ ಅವರು ಎಫ್.ಎ. ಪರೀಕ್ಷೆಯನ್ನು ದಾಟಲಾಗಲಿಲ್ಲ. ವಿದ್ಯಾರ್ಥಿವೇತನವೂ ಕೈತಪ್ಪಿತು. ಗಣಿತದ ಹುಚ್ಚಿನಲ್ಲಿ ಉಳಿದ ವಿಷಯಗಳನ್ನು ಮರೆತ ಹುಡುಗನಿಗೆ ಕಾಲೇಜಿನ ಬಾಗಿಲು ಮುಚ್ಚಿತು. ಪ್ರತಿಭೆ ಅರಳುವುದೂ ಬಾಡುವುದೂ ಹೆಚ್ಚಾಗಿ ಈ ಹದಿನೆಂಟು, ಇಪ್ಪತ್ತರ ವಯಸ್ಸಿನಲ್ಲೇ.

ಈ ವಯಸ್ಸಿನವರಿಗಾಗಿ ಈಗ ಕೆಲವು ಬಾಗಿಲುಗಳು ತೆರೆದಿವೆ. ಪ್ರೊ. ಎಸ್. ಕುಮರೇಶನ್ 1993ರಲ್ಲಿ ಆರಂಭಿಸಿದ ಬೇಸಿಗೆಯ ಗಣಿತ ತರಬೇತಿ ಶಿಬಿರಗಳು ಅವುಗಳಲ್ಲಿ ಮುಖ್ಯ. ಅಲ್ಲಿ ಟಿಪ್ಪಣಿ ಬರೆಸುವ ಪಾಠವಿಲ್ಲ. ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ, ಮಕ್ಕಳೇ ತಡಕಾಡಿ ಉತ್ತರ ಕಟ್ಟುತ್ತಾರೆ. ಇನ್ನು ಬರ್ನ್ಟ್ 2006ರಲ್ಲಿ ಬರೆದ ಪುಸ್ತಕವೊಂದು ಪದವಿ ವಿದ್ಯಾರ್ಥಿಗಳಿಗೇ ರಾಮಾನುಜನ್ ಗಣಿತವನ್ನು ಪರಿಚಯಿಸುತ್ತದೆ.

ಆದರೆ ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರದಂಥ ಊರುಗಳ ಕಾಲೇಜಿನಲ್ಲಿ ಗಣಿತ ತೆಗೆದುಕೊಂಡ ಹುಡುಗ, ಹುಡುಗಿಯರಿಗೆ ಇಂಥದೊಂದು ಇದೆ ಎಂದು ಹೇಳುವವರು ಮೊದಲು ಬೇಕು. ಮಾನಸ ಗಂಗೋತ್ರಿ ಇಲ್ಲಿಂದ ಬಸ್ಸಿನಲ್ಲಿ ಒಂದೆರಡು ಗಂಟೆಯ ಹಾದಿ. ಆದರೆ ಪರೀಕ್ಷೆಗೆ ಬರುವ ಲೆಕ್ಕದಿಂದ ‘ಇದು ಏಕೆ ಹೀಗೆ?’ ಎಂಬ ಪ್ರಶ್ನೆಗಿರುವ ದೂರ ಅದಕ್ಕಿಂತ ಹೆಚ್ಚು. ಅದನ್ನು ದಾಟಿಸಲು ಬಸ್ಸಿಲ್ಲ. ಊರಿನ ಮೇಷ್ಟ್ರೇ ದಾಟಿಸಬೇಕು.

ದಾಟಿಸಲು ದೊಡ್ಡ ಪ್ರಯೋಗಾಲಯವೇನೂ ಬೇಡ. ಮೊದಲು ಹೇಳಿದ ಲೆಕ್ಕವನ್ನೇ ತರಗತಿಯಲ್ಲಿ ಕೊಡಬಹುದು. 2 ಮತ್ತು 3 ಮುಗಿದಿವೆ. ಇನ್ನು 4ನ್ನು 1 + 3, 2 + 2, 3 + 1 ಎಂದು ಮೂರು ಬಗೆಯಲ್ಲಿ ಒಡೆಯಿರಿ. ಎರಡೂ ಕಡೆ 16,513 ಬಂದರೆ ಲೆಕ್ಕ ಸರಿ. ಏಕೆ ಬಂತು ಎಂದು ಹಿಂದಿನ ಬೆಂಚಿನ ಒಂದು ಮಗು ಕೇಳಿದರೆ, ಅಂದಿನ ಪಾಠ ಸಾರ್ಥಕ.