ಚೇಗು ಕಟ್ಟುವ ಗುಟ್ಟು

ಹನುಮಸಾಗರದಿಂದ ಕುಷ್ಟಗಿ, ಯಲಬುರ್ಗಾ ಕಡೆಗೆ ಹೊರಟರೆ ಸಜ್ಜೆ, ತೊಗರಿ, ದಾಳಿಂಬೆಯ ನಡುವೆ ಅಲ್ಲಲ್ಲಿ ತಂತಿಬೇಲಿಯೊಳಗಿನ ಶ್ರೀಗಂಧದ ತೋಟಗಳು ಕಾಣುತ್ತವೆ. ಮಳೆಯನ್ನು ನೆಚ್ಚುವಂತಿಲ್ಲದ ಈ ಮಸಾರಿ ನೆಲಕ್ಕೆ ಒಗ್ಗುವ ಮರವೇ ಅದು. ಆದರೂ ರೈತರು ಬಹುಕಾಲ ಅದರ ಗೊಡವೆಗೆ ಹೋಗಲಿಲ್ಲ. ಸ್ವಂತ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧವೂ ಸರ್ಕಾರದ ಸೊತ್ತು ಎಂಬ ನಿಯಮವಿದ್ದಾಗ ಅದನ್ನು ಬೆಳೆಸಿ ಪೇಚಿಗೆ ಸಿಕ್ಕಿಕೊಳ್ಳುವವರು ಯಾರು? 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದು, ಹೊಲದವನೇ ಮರದ ಒಡೆಯ ಎಂದಾಯಿತು. ಅಲ್ಲಿಂದೀಚೆಗೆ ಗಂಧದ ಅಗಿಗಳಿಗೆ ಬೇಡಿಕೆ ಏರಿತು. ಎಕರೆಗೆ ಇಷ್ಟು ಕೋಟಿ ಎಂಬ ಲೆಕ್ಕವೂ ಅವುಗಳ ಜೊತೆಗೇ ಊರಿಂದೂರಿಗೆ ಹಬ್ಬಿತು.

ಆ ಲೆಕ್ಕವನ್ನು ನಾನು ನಂಬುವುದಿಲ್ಲ. ಮರದ ಸಂಖ್ಯೆಯನ್ನು ಮಾರುಕಟ್ಟೆಯ ದರದಿಂದ ಗುಣಿಸುವವರು ಮರದೊಳಗೆ ಏನಿದೆ ಎಂದು ಕೇಳುವುದೇ ಇಲ್ಲ. ಗಂಧದ ಪರಿಮಳ ಎಲೆಯಲ್ಲಿಲ್ಲ, ಹೂವಿನಲ್ಲಿಲ್ಲ, ತೊಗಟೆಯಲ್ಲೂ ಇಲ್ಲ. ಕಾಂಡದ ಹೊರಭಾಗದ ಬಿಳಿ ಮರವನ್ನು ಮೂಸಿದರೆ ಯಾವ ವಾಸನೆಯೂ ಬರದು. ಎಣ್ಣೆ ಇರುವುದು ಒಳಗಿನ ಕಂದು ತಿರುಳಿನಲ್ಲಿ ಮತ್ತು ಬೇರಿನಲ್ಲಿ. ಆ ತಿರುಳಿಗೆ ಚೇಗು ಎನ್ನುತ್ತಾರೆ. ಚೇಗು ಸಾಮಾನ್ಯವಾಗಿ ಮರಕ್ಕೆ ಹತ್ತು ವರ್ಷ ತುಂಬಿದ ಮೇಲೆ ಕಟ್ಟತೊಡಗುತ್ತದೆ. ಒಂದೇ ದಿನ ನೆಟ್ಟು, ಒಂದೇ ಡ್ರಿಪ್ಪಿನಿಂದ ನೀರುಣಿಸಿದ ಅಕ್ಕಪಕ್ಕದ ಎರಡು ಮರಗಳಲ್ಲಿ ಒಂದು ಚೇಗು ಕಟ್ಟಿ, ಇನ್ನೊಂದು ಬರೀ ಬಿಳಿ ಮರವಾಗಿಯೇ ಉಳಿಯಬಹುದು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಪೆನ್ಸಿಲ್‌ಗಿಂತ ಸಣ್ಣ ಕೊಳವೆಯಂಥ ಬೈರಿಗೆಯಿಂದ ಕಾಂಡ ಕೊರೆದು, ಹೊರಬಂದ ಕಡ್ಡಿಯ ಬಣ್ಣ ನೋಡಿ, ಅದರ ಎಣ್ಣೆಯನ್ನು ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರದಲ್ಲಿ ಅಳೆಯಬೇಕು.

ಚೇಗು ಯಾಕೆ ಕಟ್ಟುತ್ತದೆ, ಯಾವಾಗ ಕಟ್ಟುತ್ತದೆ ಎಂಬುದೇ ಗಂಧದ ಜೈವಿಕ ತಂತ್ರಜ್ಞಾನದ ಮುಖ್ಯ ಪ್ರಶ್ನೆ. ಅರ್ಧ ಉತ್ತರ ಸಿಕ್ಕಿದೆ. ಗಂಧದೆಣ್ಣೆಯ ಜೀವಾಳ ಸ್ಯಾಂಟಲಾಲ್ ಎಂಬ ಎರಡು ಬಗೆಯ ಅಣುಗಳು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಳ್ಳೆಯ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ 16ರಿಂದ 24 ಇರಬೇಕು. ಇವನ್ನು ತಯಾರಿಸಲು ಮರ ಬಳಸುವ ಕಚ್ಚಾಮಾಲು ಅಪರೂಪದ್ದೇನಲ್ಲ. ಹದಿನೈದು ಇಂಗಾಲದ ಪರಮಾಣುಗಳಿರುವ ಫಾರ್ನೆಸಿಲ್ ಡೈಫಾಸ್ಫೇಟ್ ಎಂಬ ಆ ವಸ್ತು ಹುಲ್ಲುಕಡ್ಡಿಯಲ್ಲೂ ಇರುತ್ತದೆ, ನಮ್ಮ ಮೈಯಲ್ಲೂ ಇರುತ್ತದೆ. ಗಂಧದಲ್ಲಿ ಒಂದು ಕಿಣ್ವ ಅದನ್ನು ಮಡಚಿ ಸ್ಯಾಂಟಲೀನ್ ಮಾಡುತ್ತದೆ. ಇನ್ನೊಂದು ಕಿಣ್ವ ಅದಕ್ಕೆ ಆಮ್ಲಜನಕ ಸೇರಿಸಿದಾಗ ಸ್ಯಾಂಟಲಾಲ್ ಸಿದ್ಧ. ಮೊದಲ ಕಿಣ್ವದ ಜೀನನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 2011ರಲ್ಲಿ ಗುರುತಿಸಿತು. ಕೊನೆಯ ಹೆಜ್ಜೆಯ ಜೀನ್ ಸಿಕ್ಕಿದ್ದು 2016ರಲ್ಲಿ. ಬಿಳಿ ಮರ ಮುಗಿದು ಚೇಗು ಆರಂಭವಾಗುವ ತೆಳುವಾದ ಪಟ್ಟಿಯಲ್ಲಿ ಯಾವ ಜೀನ್‌ಗಳು ಚುರುಕಾಗಿವೆ ಎಂದು ಹುಡುಕಿ ಅದನ್ನು ಹಿಡಿದರು. ಅಂದರೆ ಎಣ್ಣೆ ತಯಾರಾಗುವ ಬಗೆ ಗೊತ್ತಾಗಿದೆ. ಆ ಪಟ್ಟಿಗೆ ಹತ್ತೋ ಹದಿನೈದೋ ವರ್ಷದ ಮೇಲೆ ‘ಇನ್ನು ಶುರುಮಾಡು’ ಎಂದು ಸೂಚನೆ ಕೊಡುವುದು ಯಾವುದು ಎಂಬುದಿನ್ನೂ ಬಗೆಹರಿದಿಲ್ಲ. ಕಾಂಡಕ್ಕೆ ತೂತು ಕೊರೆದು, ಹಣ್ಣು ಮಾಗಿಸುವ ಎಥಿಲೀನ್ ಹೊರಡಿಸುವ ಔಷಧ ಸುರಿದು ಚೇಗನ್ನು ಬೇಗ ಬರಿಸುವ ಪ್ರಯೋಗಗಳು ನಡೆದಿವೆ. ತೂತಿನ ಸುತ್ತ ಬಣ್ಣ ಬರುವುದುಂಟು. ಅಷ್ಟರಿಂದಲೇ ಇಡೀ ಕಾಂಡ ಒಳ್ಳೆಯ ಚೇಗಾಗಿಬಿಡುವುದಿಲ್ಲ. ಕಲ್ಲುಮಡ್ಡಿಯಲ್ಲಿ ಬಾಯಾರಿ ಬೆಳೆದ ಮರದ್ದೇ ಗಟ್ಟಿ ಚೇಗು, ನೀರು ಕುಡಿದು ಕೊಬ್ಬಿದ್ದು ಬರೀ ಸೌದೆ ಎಂಬ ಹಳೆಯ ಮಾತಿದೆ. ಅದು ನಿಜವಾದರೆ ಬೋರ್‌ವೆಲ್ ನೀರನ್ನು ಧಾರಾಳವಾಗಿ ಬಿಡುತ್ತಿರುವವರು ಒಮ್ಮೆ ಯೋಚಿಸಬೇಕು.

ಅಂಗಾಂಶ ಕೃಷಿಯಲ್ಲಿ ಒಳ್ಳೆಯ ಮರದ ಸಾವಿರ ಪ್ರತಿ ತೆಗೆದು ನೆಟ್ಟರೆ ತೊಂದರೆ ತೀರಿತಲ್ಲ ಎನ್ನಬಹುದು. ಬಾಳೆ, ದಾಳಿಂಬೆಗೆ ಅದು ರೂಢಿಯಾಗಿದೆ. ಗಂಧದಲ್ಲೂ ಈ ಕೆಲಸ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಲಕ್ಷ್ಮೀ ಸೀತಾ ಮತ್ತು ಸಂಗಡಿಗರು ಗಂಧದ ಚಿಗುರಿನ ಅಂಗಾಂಶದಿಂದ ಭ್ರೂಣಗಳನ್ನೂ ಪುಟ್ಟ ಸಸಿಗಳನ್ನೂ ಬೆಳೆಸಿ 1979ರಲ್ಲೇ ಪ್ರಕಟಿಸಿದ್ದರು. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದವರು ಅಂಥ ಭ್ರೂಣಗಳಿಗೆ ಆಲ್ಜಿನೇಟ್ ಅಂಟಿನ ಕವಚ ತೊಡಿಸಿ ಕೃತಕ ಬೀಜವನ್ನೇ ಮಾಡಿದರು. ನಾಲ್ಕು ದಶಕ ಕಳೆದರೂ ನರ್ಸರಿಗಳಲ್ಲಿ ಮಾರಾಟವಾಗುವುದು ಹೆಚ್ಚಾಗಿ ಬೀಜದ ಸಸಿಯೇ.

ತಪ್ಪು ತಂತ್ರದ್ದಲ್ಲ, ಮರದ ಸ್ವಭಾವ ಹಾಗಿದೆ. ಗಂಧ ಅರೆ ಪರಾವಲಂಬಿ. ಹಸಿರೆಲೆಯಲ್ಲಿ ತನ್ನ ಅಡುಗೆಯನ್ನು ತಾನೇ ಮಾಡಿಕೊಂಡರೂ ನೀರು, ಲವಣಗಳಿಗಾಗಿ ಪಕ್ಕದ ಗಿಡದ ಬೇರಿಗೆ ತನ್ನ ಬೇರಿನ ಗಂಟುಗಳನ್ನು ಅಂಟಿಸುತ್ತದೆ. ನರ್ಸರಿಯ ಚೀಲದಲ್ಲಿ ತೊಗರಿಯನ್ನೋ ಹೊನಗೊನೆಯನ್ನೋ ಜೊತೆಗೆ ಹಾಕುವುದು ಅದಕ್ಕೇ; ಹೊಲಕ್ಕೆ ಹೋದ ಮೇಲೆ ಸರ್ವೆಯಂಥ ದೀರ್ಘಾಯುಷಿ ಸಂಗಾತಿ ಬೇಕು. ಗಾಜಿನ ಬಾಟಲಿಯಲ್ಲಿ ಸಕ್ಕರೆ, ಲವಣದ ಊಟಕ್ಕೆ ಒಗ್ಗಿದ ಸಸಿ ಮಣ್ಣಿಗೆ ಬಂದ ಕೂಡಲೇ ಈ ಸಂಬಂಧ ಬೆಳೆಸಬೇಕು, ಬಿಸಿಲನ್ನೂ ತಾಳಬೇಕು. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಪ್ರತಿ ತೆಗೆಯಲು ತಕ್ಕ ಮರ ಯಾವುದೆಂದು ತಿಳಿಯಲು ಅದು ಹದಿನೈದು ವರ್ಷವಾದರೂ ಬೆಳೆದಿರಬೇಕು. ಅಷ್ಟು ಮಾಗಿದ ಮರದ ಅಂಗಾಂಶ ಎಳೆಯ ಸಸಿಯದರಷ್ಟು ಸಲೀಸಾಗಿ ಪ್ರಯೋಗಾಲಯದಲ್ಲಿ ಒಲಿಯುವುದಿಲ್ಲ. ಎಳೆಯದಾದರೆ ಚಿಗುರುತ್ತದೆ, ಆದರೆ ಅದರ ಯೋಗ್ಯತೆ ಗೊತ್ತಿರುವುದಿಲ್ಲ. ಬೀಜಕ್ಕೂ ಭರವಸೆಯಿಲ್ಲ, ಏಕೆಂದರೆ ಗಂಧದಲ್ಲಿ ಪರಕೀಯ ಪರಾಗಸ್ಪರ್ಶವೇ ಹೆಚ್ಚು. ತಾಯಿ ಎಷ್ಟೇ ಒಳ್ಳೆಯದಿದ್ದರೂ ಮಕ್ಕಳು ಬೇರೆ ಬೇರೆ.

ಈ ಬಿಕ್ಕಟ್ಟಿಗೆ ದಾರಿ ಡಿಎನ್‌ಎಯಲ್ಲಿ ಸಿಗಬಹುದು. 2018ರಲ್ಲಿ ಎಚ್.ಬಿ. ಮಹೇಶ್, ಮಲಾಲಿ ಗೌಡ ಮತ್ತಿತರ ಕರ್ನಾಟಕದ ವಿಜ್ಞಾನಿಗಳಿದ್ದ ತಂಡ ಶ್ರೀಗಂಧದ ಇಡೀ ಜೀನೋಮ್ ಓದಿ ಪ್ರಕಟಿಸಿತು. ಸುಮಾರು 22 ಕೋಟಿ ಅಕ್ಷರಗಳು, 38 ಸಾವಿರದಷ್ಟು ಜೀನ್‌ಗಳು. ಮನುಷ್ಯನ 300 ಕೋಟಿ ಅಕ್ಷರಗಳ ಎದುರು ಇದು ಚಿಕ್ಕ ಪುಸ್ತಕ. ಹೆಚ್ಚು ಎಣ್ಣೆಯ ಮರಗಳಲ್ಲಿ ಮಾತ್ರ ಕಾಣುವ ಅಕ್ಷರ ವ್ಯತ್ಯಾಸಗಳು ಪತ್ತೆಯಾದರೆ, ಚೀಲದಲ್ಲಿರುವಾಗಲೇ ಒಂದು ಎಲೆ ಪರೀಕ್ಷಿಸಿ ಸಸಿಯನ್ನು ಆರಿಸಬಹುದು. ಅದಕ್ಕೆ ಜೀನೋಮ್ ಒಂದೇ ಸಾಲದು. ವಯಸ್ಸು, ಮೂಲ, ಮಣ್ಣು, ನೀರಿನ ದಾಖಲೆಯಿರುವ ಸಾವಿರಾರು ಮರಗಳ ಚೇಗಿನ ಅಳತೆಯೂ ಬೇಕು. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ತನ್ನ ಗೊಟ್ಟಿಪುರ ಕ್ಷೇತ್ರದಲ್ಲಿ ಗಂಧದ ತಳಿಗಳನ್ನು ಕಾದಿರಿಸಿದೆ. ಒಣಭೂಮಿಯ ಅಳತೆ ಮಾತ್ರ ಇಲ್ಲಿಯ ತೋಟಗಳಿಂದಲೇ ಬರಬೇಕು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವಾಗಲಿ, ಅದರ ಮುನಿರಾಬಾದ್ ಕಾಲೇಜಾಗಲಿ ಹನುಮಸಾಗರಕ್ಕೆ ದೂರವೇನಲ್ಲ. ರೈತನ ತೋಟವನ್ನೇ ಪ್ರಯೋಗಕ್ಷೇತ್ರವೆಂದು ನೋಂದಾಯಿಸಿ ಕೊರೆದು ನೋಡುವುದು ಹೊಸ ಪ್ರಯೋಗಾಲಯ ಕಟ್ಟುವುದಕ್ಕಿಂತ ಅಗ್ಗ.

ಅಷ್ಟರಲ್ಲಿ ಪೈಪೋಟಿ ಬೇರೆ ಕಡೆಯಿಂದ ಬಂದಿದೆ. 2020ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಐಸೋಬಯಾನಿಕ್ಸ್ ಹೆಸರಿನಲ್ಲಿ ಸ್ಯಾಂಟಲಾಲನ್ನು ಮಾರುಕಟ್ಟೆಗೆ ತಂದಿತು. ಮೆಕ್ಕೆಜೋಳದ ಪಿಷ್ಟ ತಿಂದ ಬ್ಯಾಕ್ಟೀರಿಯಾ ತೊಟ್ಟಿಯಲ್ಲಿ ಅದನ್ನು ತಯಾರಿಸುತ್ತದೆ. ಹದಿನೈದು ವರ್ಷ ಕಾಯಬೇಕಾಗಿಲ್ಲ, ಕಳ್ಳರ ಭಯವೂ ಇಲ್ಲ. ಸುಗಂಧದ ಅಗ್ಗದ ಮಾರುಕಟ್ಟೆ ಆ ಕಡೆ ವಾಲಿದರೆ ಅಚ್ಚರಿಯಿಲ್ಲ. ಪೂಜೆಗೆ ತೇಯುವ ಕೊರಡು, ಕೆತ್ತನೆಯ ಮರ, ಅಸಲಿ ಎಣ್ಣೆಯ ನೂರಾರು ಸಣ್ಣ ಘಟಕಗಳ ಮಿಶ್ರಣ ತೊಟ್ಟಿಯಲ್ಲಿ ಸಿಗುವುದಿಲ್ಲ. ಆದ್ದರಿಂದ ರೈತನಿಗೆ ಉಳಿಯುವುದು ಮೇಲ್ದರ್ಜೆಯ ಮಾಲಿನ ಮಾರುಕಟ್ಟೆ. ಚೇಗಿಲ್ಲದ ಮರಕ್ಕೆ ಅಲ್ಲಿ ಜಾಗವಿಲ್ಲ.

ಗಂಧಕ್ಕೆ ಕಾಯಿಲೆಯೂ ಉಂಟು. 1899ರಲ್ಲಿ ಕೊಡಗಿನಲ್ಲಿ ಮೊದಲು ದಾಖಲಾದ ಸ್ಪೈಕ್ ರೋಗದಲ್ಲಿ ಎಲೆಗಳು ಕುಗ್ಗಿ, ಗೆಣ್ಣುಗಳು ಹತ್ತಿರವಾಗಿ, ರೆಂಬೆ ಮುಳ್ಳಿನ ಬರಲಿನಂತೆ ನಿಲ್ಲುತ್ತದೆ. ಕೆಲವೇ ವರ್ಷಗಳಲ್ಲಿ ಮರ ಸಾಯುತ್ತದೆ. ಬಹುಕಾಲ ವೈರಸ್ ಎಂದು ನಂಬಿದ್ದ ರೋಗಕಾರಕ ಫೈಟೋಪ್ಲಾಸ್ಮಾ ಎಂಬ ಕೋಶಗೋಡೆಯಿಲ್ಲದ ಬ್ಯಾಕ್ಟೀರಿಯಾ ಎಂದು 1969ರ ಸುಮಾರಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತಿಳಿಯಿತು. ರಸ ಹೀರುವ ಜಿಗಿಹುಳುಗಳು ಅದನ್ನು ಹರಡುತ್ತವೆ. ಟೆಟ್ರಾಸೈಕ್ಲಿನ್ ಕೊಟ್ಟರೆ ಕೆಲವು ತಿಂಗಳು ಚೇತರಿಕೆ, ಆಮೇಲೆ ಮತ್ತೆ ಅದೇ. ಇಂದು ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಪಿಸಿಆರ್ ಪರೀಕ್ಷೆಯಿಂದ, ಲಕ್ಷಣ ಕಾಣುವ ಮೊದಲೇ ರೋಗಾಣುವಿನ ಡಿಎನ್‌ಎ ಪತ್ತೆ ಮಾಡಬಹುದು. ಸಸಿ ಕೊಳ್ಳುವವರು ನರ್ಸರಿಯಲ್ಲಿ ತಾಯಿಮರ ಯಾವುದು, ಈ ಪರೀಕ್ಷೆ ಆಗಿದೆಯೇ ಎಂದು ಕೇಳಬೇಕು. ತೋಟದಲ್ಲಿ ರೋಗ ಕಾಣಿಸಿದರೆ ಮರವನ್ನು ತೆಗೆದುಹಾಕುವುದೊಂದೇ ದಾರಿ. ಅದಕ್ಕೂ ಮುನ್ನ ಅರಣ್ಯ ಇಲಾಖೆಗೆ ಅರ್ಜಿ ಹಾಕಬೇಕು. ಮರ ರೈತನದೇ ಆಗಿದ್ದರೂ ಕಡಿಯಲು ಅನುಮತಿ ಬೇಕೆಂಬ ನಿಯಮ ರೋಗಪೀಡಿತ ಮರಕ್ಕೂ ಅನ್ವಯಿಸುತ್ತದೆ.