ದಿಮ್ಮಿ ಸಾಗಿಸುವ ಯಂತ್ರ: ನಮ್ಮ ವರ್ಕ್‌ಷಾಪ್‌ಗಳಿಗೊಂದು ಅವಕಾಶ

ಕಬ್ಬು, ಭತ್ತ ಹಾಗೂ ತೆಂಗಿಗೆ ಹೆಸರಾದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಮರದ ದಿಮ್ಮಿಗಳ ಸಾಗಣೆಯೂ ಒಂದು ಉದ್ಯಮವೆಂಬುದು ಮೇಲ್ನೋಟಕ್ಕೆ ಗೋಚರಿಸದು. ಇಲ್ಲಿ ಮಲೆನಾಡಿನಂತಹ ನಾಟಾ ಅರಣ್ಯಗಳಿಲ್ಲ. ಮೇಲುಕೋಟೆ ಮತ್ತು ಆದಿಚುಂಚನಗಿರಿಯ ಕಾಡುಗಳು ವನ್ಯಧಾಮಗಳಾಗಿ ಸಂರಕ್ಷಿತವಾಗಿವೆ. ಆದರೆ ರೈತರ ಜಮೀನು, ಬದು ಮತ್ತು ತೋಟಗಳಲ್ಲಿ ನೀಲಗಿರಿ, ಸಿಲ್ವರ್ ಓಕ್, ಹೆಬ್ಬೇವು, ತೇಗ ಮರಗಳಿವೆ. ಇಳುವರಿ ಕುಂದಿದ ಹಳೆಯ ತೆಂಗಿನ ಮರಗಳೂ ಇವೆ. ಇವನ್ನು ಕಡಿಯುವ ಕೆಲಸಕ್ಕೆ ಯಂತ್ರ ಬಂದಿದೆ. ಕಡಿದುದನ್ನು ರಸ್ತೆಗೆ ತರುವ ಕೆಲಸ ಮಾತ್ರ ಇಂದಿಗೂ ಬಹುಮಟ್ಟಿಗೆ ಹಗ್ಗ, ಹಾರೆ ಮತ್ತು ತೋಳ್ಬಲವನ್ನೇ ಅವಲಂಬಿಸಿದೆ.

ಆನೆಯಿಂದ ಸರಪಳಿ ಚಕ್ರದವರೆಗೆ

ಮೈಸೂರು ಸೀಮೆಯ ಕಾಡುಗಳಲ್ಲಿ ದಿಮ್ಮಿ ಎಳೆಯುವ ಹೊಣೆ ಆನೆಗಳದಾಗಿತ್ತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಇದ್ದಿಲಿಗೆ ಬೇಕಾದ ಸೌದೆಯನ್ನು ಕಾಡಿನಿಂದ ತರಲು ಟ್ರಾಮ್ ಹಳಿಗಳನ್ನೇ ಹಾಕಿಸಿತು. ಅಮೆರಿಕದ ಮೇನ್ ರಾಜ್ಯದಲ್ಲಿ ಆಲ್ವಿನ್ ಲೊಂಬಾರ್ಡ್ ಎಂಬಾತ 1901ರಲ್ಲಿ ಹಿಮದ ಮೇಲೆ ದಿಮ್ಮಿ ಎಳೆಯುವ ಉಗಿಯಂತ್ರಕ್ಕೆ ಪೇಟೆಂಟ್ ಪಡೆದನು. ಅದರ ಸರಪಳಿ ಚಕ್ರದ ತತ್ತ್ವವೇ ಮುಂದೆ ಬುಲ್ಡೋಜರ್‌ಗೂ ಬಂದಿತು. ಇಂದು ದೊಡ್ಡ ಅರಣ್ಯಗಳುಳ್ಳ ದೇಶಗಳಲ್ಲಿ ಸ್ಕಿಡರ್ ಮತ್ತು ಫಾರ್ವರ್ಡರ್‌ಗಳು ಈ ಕೆಲಸ ಮಾಡುತ್ತವೆ.

ಒಂದೆರಡು ಎಕರೆಯ ಹಿಡುವಳಿಗಳ ನಮ್ಮ ತಾಲ್ಲೂಕುಗಳಿಗೆ ಅಂತಹ ಭಾರಿ ಯಂತ್ರ ಹೊಂದುವುದಿಲ್ಲ. ಇಲ್ಲಿನ ಯಂತ್ರವೆಂದರೆ ಕಬ್ಬು ಸಾಗಿಸಲೆಂದು ಊರೂರಿನಲ್ಲಿರುವ ಟ್ರಾಕ್ಟರೇ.

ಅಪಾಯವೆಲ್ಲಿದೆ?

ಹಸಿ ನೀಲಗಿರಿಯ ಒಂದು ಘನ ಮೀಟರ್ ಸುಮಾರು ಒಂದು ಟನ್ ತೂಗುತ್ತದೆ. 40 ಸೆಂಟಿಮೀಟರ್ ವ್ಯಾಸದ, 5 ಮೀಟರ್ ಉದ್ದದ ಒಂದೇ ದಿಮ್ಮಿ 600 ಕಿಲೋ ಮೀರುತ್ತದೆ. ಇದಕ್ಕೆ ಸರಪಳಿ ಕಟ್ಟಿ ಹಿಂದಿನ ಅಚ್ಚಿಗೋ ಅದಕ್ಕಿಂತ ಎತ್ತರದ ಬಿಂದುವಿಗೋ ಸಿಕ್ಕಿಸಿ ಎಳೆಯುವ ರೂಢಿ ಅತ್ಯಂತ ಅಪಾಯಕರ. ದಿಮ್ಮಿಯು ಬುಡಕ್ಕೋ ಕಲ್ಲಿಗೋ ಸಿಕ್ಕಿಕೊಂಡಾಗ ಎಂಜಿನ್ನಿನ ಬಲವು ಟ್ರಾಕ್ಟರಿನ ಮುಂಭಾಗವನ್ನೇ ಮೇಲೆತ್ತುತ್ತದೆ. ಒಂದು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಪರಿಸ್ಥಿತಿ ಕೈಮೀರುವುದರಿಂದ ಚಾಲಕನಿಗೆ ಕ್ಲಚ್ ಒತ್ತಲೂ ವ್ಯವಧಾನವಿರುವುದಿಲ್ಲ. ಆದ್ದರಿಂದ ಎಳೆತವು ಯಾವಾಗಲೂ ಅಚ್ಚಿನ ಕೆಳಗಿರುವ ಡ್ರಾಬಾರ್‌ನಿಂದಲೇ ಆಗಬೇಕು. ಉರುಳಿದಾಗ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟು ಮತ್ತು ಸೀಟ್ ಬೆಲ್ಟ್ ಎರಡೂ ಇರಬೇಕು.

ವಿಂಚ್ ಎಂಬ ಪರಿಹಾರ

ಫಿನ್ಲೆಂಡ್ ಮತ್ತು ನಾರ್ವೆಗಳಲ್ಲಿ ಸಣ್ಣ ತೋಪುಗಳ ಮಾಲೀಕರು ತಮ್ಮ ಟ್ರಾಕ್ಟರಿನ ಹಿಂಬದಿಗೆ ವಿಂಚ್ ಅಳವಡಿಸಿಕೊಳ್ಳುತ್ತಾರೆ. ಇದು ಟ್ರಾಕ್ಟರಿನ ಮೂರು ಬಿಂದುಗಳ ಜೋಡಣೆಗೆ ಕೂರುತ್ತದೆ ಮತ್ತು ಪಿ.ಟಿ.ಒ. ದಂಡದಿಂದ ತಿರುಗುತ್ತದೆ. ಕೆಳಗಿನ ಉಕ್ಕಿನ ಫಲಕವನ್ನು ನೆಲಕ್ಕೂರಿ ಟ್ರಾಕ್ಟರನ್ನು ಬಂಡಿದಾರಿಯಲ್ಲೇ ನಿಲ್ಲಿಸಿದರೆ ಉಕ್ಕಿನ ಹಗ್ಗವು ದಿಮ್ಮಿಯನ್ನು ಅಲ್ಲಿಗೇ ಎಳೆದು ತರುತ್ತದೆ. ಬಳಿಕ ದಿಮ್ಮಿಯ ಮುಂತುದಿಯನ್ನು ನೆಲದಿಂದೆತ್ತಿ ಸಾಗಿಸಿದರೆ ಘರ್ಷಣೆಯೂ ಡೀಸೆಲ್ ವೆಚ್ಚವೂ ತಗ್ಗುತ್ತವೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಒದ್ದೆ ಗದ್ದೆಯನ್ನು ಚಕ್ರಗಳು ತುಳಿದು ಗಟ್ಟಿಮಾಡುವುದು ತಪ್ಪುತ್ತದೆ. ನಾಗಮಂಗಲದ ಕಲ್ಲುನೆಲದಲ್ಲಿ ಟೈರುಗಳು ಉಳಿಯುತ್ತವೆ.

ಟ್ರೈಲರ್, ನೇಗಿಲು, ಕಲ್ಟಿವೇಟರ್ ತಯಾರಿಸುವ ನಮ್ಮ ವರ್ಕ್‌ಷಾಪ್‌ಗಳಿಗೆ ಇದರ ಚೌಕಟ್ಟು ಮತ್ತು ಫಲಕಗಳ ತಯಾರಿಕೆ ಅಸಾಧ್ಯವಲ್ಲ. ದಿಮ್ಮಿ ಜಾರದಂತೆ ಪಕ್ಕದ ಕಂಬಗಳುಳ್ಳ ಟ್ರೈಲರ್‌ಗಳೂ ಬೇಕಾಗಿವೆ. ಆದರೆ ಗೇರ್, ಕ್ಲಚ್, ಬ್ರೇಕ್ ಮತ್ತು ಹಗ್ಗದ ವಿಷಯದಲ್ಲಿ ಪರೀಕ್ಷಿತ ಬಿಡಿಭಾಗಗಳನ್ನೇ ಕೊಳ್ಳುವುದು ವಿವೇಕ. ತುಂಡಾದ ಉಕ್ಕಿನ ಹಗ್ಗ ಚಾಟಿಯಂತೆ ಬೀಸಿ ಪ್ರಾಣಕ್ಕೇ ಎರವಾಗಬಲ್ಲುದು. ಆಪರೇಟರನ ರಕ್ಷಣೆಗೆ ಜಾಲರಿ ಇಲ್ಲದ ವಿಂಚನ್ನು ಯಾರೂ ಮಾರಬಾರದು.

ವರ್ತಕರು ಗಮನಿಸಬೇಕಾದುದು

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಡಿ ನೀಲಗಿರಿ, ಸರ್ವೆ, ಸಿಲ್ವರ್ ಓಕ್, ತೆಂಗು ಮುಂತಾದವುಗಳ ಕಡಿತಕ್ಕೆ ವಿನಾಯಿತಿಯಿದೆ. ತೇಗದಂತಹ ಮರಗಳಿಗೆ ಅನುಮತಿ ಅಗತ್ಯ. ರಾಜ್ಯ ಸರ್ಕಾರವು 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದರಿಂದ ಆ ಒಂದೇ ಮರವನ್ನು ನಂಬಿ ಬಂಡವಾಳ ಹೂಡುವುದು ಸರಿಯಲ್ಲ. ಕೃಷಿಗೆಂದು ನೋಂದಾಯಿತವಾದ ಟ್ರಾಕ್ಟರನ್ನು ಬಾಡಿಗೆ ಸಾಗಣೆಗೆ ಬಳಸಿದಲ್ಲಿ ವಿಮಾ ಪರಿಹಾರಕ್ಕೆ ತೊಡಕಾಗಬಹುದು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ ಟ್ರಾಕ್ಟರ್‌ಗಳನ್ನು ನಿಷೇಧಿಸಲಾಗಿದ್ದು, ಶ್ರೀರಂಗಪಟ್ಟಣ ಕಡೆಯ ಸಾಗಣೆಗೆ ಸರ್ವಿಸ್ ರಸ್ತೆಯ ದೂರ ಮತ್ತು ಸಮಯವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ಕೃಷಿ ಟ್ರಾಕ್ಟರ್‌ಗಳ ಜಿ.ಎಸ್.ಟಿ. ದರವು ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ವಿಂಚ್‌ಗೂ ಅದೇ ದರವೆಂದು ಭಾವಿಸದೆ ತೆರಿಗೆ ಸಲಹೆಗಾರರಲ್ಲಿ ವಿಚಾರಿಸಿಯೇ ಬೆಲೆ ನಿಗದಿಪಡಿಸುವುದು ಕ್ಷೇಮ.

ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಟ್ರಾಕ್ಟರ್‌ಗಳಿಗೆ ಬಿಡುವಿರುತ್ತದೆ. ಸಾಲದ ಕಂತಿಗೆ ಮಾತ್ರ ಬಿಡುವಿಲ್ಲ. ಒಬ್ಬೊಬ್ಬರೂ ವಿಂಚ್ ಕೊಳ್ಳುವುದಕ್ಕಿಂತ ಹೋಬಳಿಗೊಂದರಂತೆ ಬಾಡಿಗೆಗೆ ದೊರೆಯುವಂತಾದರೆ ಆ ಬಿಡುವಿನ ದಿನಗಳು ಆದಾಯದ ದಿನಗಳಾಗುವುವು. ನಾಲ್ಕೂ ತಾಲ್ಲೂಕುಗಳ ತಯಾರಕ ಮಿತ್ರರು ಒಂದೊಂದು ಮಾದರಿಯಿಂದಾದರೂ ಈ ದಿಸೆಯಲ್ಲಿ ಆರಂಭಿಸುವುದು ಉಚಿತ.